ಕುರಿಯ ಪಂಚಾಂಗವೂ ಹುಲ್ಲಿನ ಮೆದೆಯೂ

ಬಕ್ರೀದ್ ಹಬ್ಬಕ್ಕೆ ಇನ್ನು ಹದಿನೈದು ದಿನಗಳಿರುವಾಗಲೇ ಮದ್ದೂರಿನಿಂದ ಮಳವಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ ಕುರಿಯ ವ್ಯಾಪಾರಿಗಳ ಸಣ್ಣ ಲಾರಿಗಳು ಓಡಾಡತೊಡಗುವುವು. ಅರಳಿಕಟ್ಟೆಯ ಬಳಿ ಗಾಡಿಯನ್ನು ನಿಲ್ಲಿಸಿ, ‘ಬನ್ನೂರು ಟಗರು ಐತಾ?’ ಎಂದು ಕೇಳುವರು. ಒಂದು ಮನೆಯವರು ತಮ್ಮ ಟಗರನ್ನು ಹೊರಗೆ ತಂದು ನಿಲ್ಲಿಸಿ, ಬೆಲೆ ಒಪ್ಪಿಗೆಯಾಗದಿದ್ದರೆ ನಿಶ್ಚಿಂತೆಯಿಂದ ಮತ್ತೆ ಒಳಕ್ಕೆ ಕರೆದೊಯ್ಯುವರು. ಪಕ್ಕದ ಮನೆಯವರು ವ್ಯಾಪಾರಿ ಹೇಳಿದ ಬೆಲೆಗೇ ಕೊಟ್ಟು, ಲಾರಿ ಹೊರಟುಹೋದ ಮೇಲೆ ಜಗಲಿಯಲ್ಲಿ ಕುಳಿತು ಲೆಕ್ಕ ಹಾಕುತ್ತ ನಿಟ್ಟುಸಿರು ಬಿಡುವರು. ಇಬ್ಬರ ಕುರಿಯೂ ಒಂದೇ ತಳಿ, ಇಬ್ಬರ ಊರೂ ಒಂದೇ. ಹೀಗೇಕಾಗುವುದೆಂಬುದನ್ನು ಕೆಲವು ವರ್ಷಗಳಿಂದ ನೋಡುತ್ತ ಬಂದ ನಾವು ನಮಗೆ ತಿಳಿದಷ್ಟನ್ನು ಗೃಹಸ್ಥರಾದ ವಾಚಕರ ಮುಂದಿಡಬೇಕೆಂದು ಈ ಲೇಖನಕ್ಕೆ ಕೈಹಾಕಿದ್ದೇವೆ.

ಮೊದಲು ಹೆಸರಿನ ಮಾತು. ಬನ್ನೂರೆಂಬುದು ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ, ಮೈಸೂರು ಜಿಲ್ಲೆಯ ಪಟ್ಟಣ. ಈ ಕುರಿಯ ತವರಾದರೋ ಮಳವಳ್ಳಿ ತಾಲ್ಲೂಕಿನ ಬಂಡೂರೆಂಬ ಗ್ರಾಮ. ನಾಲಗೆಯ ಜಾರಿನಿಂದ ಬಂಡೂರು ಬನ್ನೂರಾಗಿ, ಪೇಟೆಯಲ್ಲಿ ಅದೇ ನಿಂತುಬಿಟ್ಟಿದೆ. ಸರ್ಕಾರದ ತಳಿಗಳ ಪಟ್ಟಿಯಲ್ಲಿ ಇದಕ್ಕೆ ‘ಮಂಡ್ಯ’ವೆಂದೇ ಹೆಸರು. ಗಿಡ್ಡಾದ ಕಾಲು, ಬಿಳಿಯ ಮೈ, ಒಮ್ಮೊಮ್ಮೆ ನಸುಗಂದು ಮುಖ, ಜೋಲುವ ಕಿವಿ, ಅಗಲವಾದ ಬೆನ್ನು. ಹಿಂದಿನಿಂದ ನೋಡಿದರೆ ಕುದುರೆಯ ಲಾಳವನ್ನು ಬೋರಲಾಗಿ ನಿಲ್ಲಿಸಿದಂತೆ ಕಾಣುವುದು. ಬೆಳೆದ ಟಗರು ಸುಮಾರು 35 ಕಿಲೋಗ್ರಾಂ ತೂಗುವುದು, ದೊಡ್ಡ ಪ್ರಾಣಿಯೇನಲ್ಲ. ನಾವು ಮಾಂಸವನ್ನುಣ್ಣುವವರಲ್ಲವಾದುದರಿಂದ ರುಚಿಯ ವಿಷಯದಲ್ಲಿ ಸಾಕ್ಷಿ ಹೇಳಲಾರೆವು. ಕೊಬ್ಬು ಒಂದೆಡೆ ಗಡ್ಡೆಗಟ್ಟದೆ ಮಾಂಸದ ಎಳೆಗಳ ನಡುವೆ ಹರಡಿಕೊಂಡಿರುವುದರಿಂದ ಬೆಂದಾಗ ಮೆತ್ತಗಾಗುವುದೆಂದು ಬಲ್ಲವರು ಹೇಳುವರು. ಒಳ್ಳೆಯ ಲಕ್ಷಣದ ಒಂದು ಟಗರು ಲಕ್ಷ ರೂಪಾಯಿಗೂ ಮೀರಿ ಮಾರಿತೆಂಬ ವರ್ತಮಾನ ಪತ್ರಿಕೆಗಳಲ್ಲಿ ಬಂದದ್ದುಂಟು. ಆ ವರ್ತಮಾನವನ್ನೋದಿ ಕುರಿ ಕಟ್ಟಿದವರೂ ಉಂಟು; ಅವರ ಕಥೆಯನ್ನು ಮುಂದೆ ಹೇಳುವೆವು.

ದೊಡ್ಡ ದೇಶಗಳಲ್ಲಿ ಮಾಂಸಕ್ಕೆಂದು ದನವನ್ನೇ ಸಾವಿರಗಟ್ಟಲೆ ಸಾಕುವರಷ್ಟೆ. ನಮ್ಮ ಸೀಮೆಯಲ್ಲಿ ದನವೆಂದರೆ ಉಳುಮೆಯ ಹಳ್ಳಿಕಾರ್ ಎತ್ತು, ಇಲ್ಲವೆ ಹಾಲಿನ ಹಸು. ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಕಾಯಿದೆಯು ಹಸು, ಎತ್ತು, ಹೋರಿಗಳ ವಧೆಯನ್ನು ನಿಷೇಧಿಸಿತು. ಆದುದರಿಂದ ಮಾಂಸದ ಪಶುಪಾಲನೆ ಇಲ್ಲಿ ಕುರಿ ಮೇಕೆಗಳ ಮೇಲೆಯೇ ನಿಂತಿದೆ. ಹಾಲಿಗಾದರೆ ಊರೂರಿಗೆ ಸಂಘವುಂಟು, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ದೊಡ್ಡ ಡೇರಿಯುಂಟು. ಬೆಳಗ್ಗೆ ಅಳೆದ ಹಾಲಿಗೆ ಎಷ್ಟು ಬರುವುದೆಂಬುದು ಹಾಲು ಕರೆಯುವ ಮೊದಲೇ ಗೊತ್ತು. ಕುರಿಗೆ ಅಂತಹ ನಿಗದಿಯ ಬೆಲೆಯೆಂಬುದಿಲ್ಲ. ಕೊಳ್ಳುವವನ ಕಣ್ಣು, ಮಾರುವವನ ಗರಜು, ಇವೆರಡರ ನಡುವೆ ಬೆಲೆ ಹುಟ್ಟುವುದು. ಗರಜು ಎಲ್ಲಿಂದ ಹುಟ್ಟುವುದೆಂಬುದೇ ಪ್ರಶ್ನೆ.

ನಮ್ಮಲ್ಲಿ ಓದಿದವನೊಬ್ಬನು ಮಳವಳ್ಳಿಯ ಎಲ್ಲೆಗೆ ಹತ್ತಿರವಾದ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. 2022ರಲ್ಲಿ ಮಳೆ ಧಾರಾಳವಾಗಿ ಸುರಿಯಿತು. ಬದುಗಳ ಮೇಲೆಲ್ಲ ಮೊಣಕಾಲುದ್ದ ಹುಲ್ಲು. ಅದನ್ನು ನೋಡಿ ಅವನು ಸಾಲ ತಂದು ಇಪ್ಪತ್ತೆಂಟು ಕುರಿಗಳನ್ನೂ ಎರಡು ಟಗರುಗಳನ್ನೂ ಕೊಂಡನು. ರೊಪ್ಪವನ್ನು ತೋರಿಸಲು ನಮ್ಮನ್ನು ಕರೆದೊಯ್ದಾಗ ನಾವೂ ಮೆಚ್ಚಿ ನಾಲ್ಕು ಮಾತನಾಡಿದೆವು. ಸಂಸ್ಕೃತದ ‘ಪಶು’ವಿಗೆ ಲ್ಯಾಟಿನ್ ಭಾಷೆಯ ‘ಪೆಕುಸ್’ ಎಂಬುದು ಸೋದರಶಬ್ದವೆಂದೂ, ಅದರಿಂದಲೇ ಆ ಭಾಷೆಯಲ್ಲಿ ಹಣಕ್ಕೆ ‘ಪೆಕುನಿಯ’ ಎಂಬ ಹೆಸರಾಯಿತೆಂದೂ ಹೇಳಿ, ನೀನು ಹಣವನ್ನೇ ಕಟ್ಟಿಹಾಕಿದ್ದೀಯೆ ಕಣಪ್ಪ ಎಂದು ಹರಸಿದೆವು. ಹುಲ್ಲೆಲ್ಲಿ ಕೂಡಿಟ್ಟಿದ್ದೀಯೆ ಎಂದು ಕೇಳಬೇಕೆಂಬುದು ನಮಗೆ ಹೊಳೆಯಲಿಲ್ಲ. ಈ ತಪ್ಪಿನಲ್ಲಿ ನಮಗೂ ಪಾಲುಂಟು.

ಮರುವರ್ಷ, ಎಂದರೆ 2023ರಲ್ಲಿ, ಮುಂಗಾರು ಕೈಕೊಟ್ಟಿತು. ಕೃಷ್ಣರಾಜಸಾಗರ ತುಂಬಲಿಲ್ಲ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರವು ಬರಪೀಡಿತವೆಂದು ಸಾರಿತು. ರಾಗಿ ತೆನೆಗಟ್ಟದೆ ಒಣಗಿದ ಹೊಲದಲ್ಲಿ ಹುಲ್ಲು ಎಲ್ಲಿಂದ ಬರಬೇಕು? ಅಷ್ಟರಲ್ಲಿ ಅವನ ಹಿಂಡು ಮರಿಗಳೂ ಸೇರಿ ನಲವತ್ತನ್ನು ಮೀರಿತ್ತು. ಸಂಕ್ರಾಂತಿ ಕಳೆಯುವುದರೊಳಗೆ ಮೆದೆ ಕರಗಿತು. ದುಡ್ಡು ಕೊಟ್ಟು ನೆಲ್ಲುಹುಲ್ಲನ್ನು ತರಿಸಿದನು. ಅದರ ಬೆಲೆಯೂ ದಿನದಿನಕ್ಕೆ ಏರಿತು, ಕುರಿಗಳು ಅದನ್ನು ಅರ್ಧ ತಿಂದು ಅರ್ಧ ತುಳಿದುವು. 2024ರ ಮಾರ್ಚಿ ತಿಂಗಳಲ್ಲಿ ಒಂದೇ ವಾರದಲ್ಲಿ ಇಪ್ಪತ್ತಾರು ಕುರಿಗಳನ್ನು ಮಾರಿದನು. ಸುತ್ತಣ ಹಳ್ಳಿಗಳವರೆಲ್ಲ ಆಗಲೇ ಮಾರುತ್ತಿದ್ದುದರಿಂದ, ಆ ಜೂನ್ 17ರ ಬಕ್ರೀದಿಗೆ ಅವನ ನೆರೆಯವನಿಗೆ ಸಿಕ್ಕಿದ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚಾಗಿ ಇವನಿಗೆ ಸಿಕ್ಕಿತು, ಅಷ್ಟೆ. ಅದಕ್ಕಿಂತಲೂ ದೊಡ್ಡ ನಷ್ಟವು ಲೆಕ್ಕದ ಪುಸ್ತಕದಲ್ಲಿ ಬರೆಯದೆ ಹೋದದ್ದು: ಆ ಇಪ್ಪತ್ತಾರರಲ್ಲಿ ಹನ್ನೊಂದು ಗಬ್ಬದ ಕುರಿಗಳು. ಬೆಲೆಯಿಲ್ಲದ ದಿನದಲ್ಲಿ ಮರಿಯ ಸಮೇತ ತಾಯನ್ನೂ ಕಳೆದುಕೊಂಡಂತಾಯಿತು. ಸಾಲ ಹಾಗೆಯೇ ಉಳಿಯಿತು.

‘ಇನ್ನು ಮೂರು ತಿಂಗಳು ತಡೆಯಬಾರದಿತ್ತೆ?’ ಎಂದು ನಾವು ಕೇಳಿದಾಗ ಅವನು, ‘ಹುಲ್ಲಿದ್ರೆ ಯಾರು ಮಾರ್ತಿದ್ರು ಮೇಷ್ಟ್ರೆ?’ ಎಂದನು.

ಈ ಮಾತನ್ನು ನಾವು ಬಹಳ ದಿನ ಮೆಲುಕುಹಾಕಿದೆವು. ಪೇಟೆಯ ಬೆಲೆ ಬಿದ್ದಿತೆಂದು ಜನರು ಹೇಳುವಲ್ಲಿ ಬಹುಮಟ್ಟಿಗೆ ಬಿದ್ದಿರುವುದು ಮನೆಯ ಮೆದೆ. ಹುಲ್ಲಿದ್ದವನು ಮಾರುವ ದಿನವನ್ನು ತಾನು ಆರಿಸುವನು. ಇಲ್ಲದವನ ದಿನವನ್ನು ವ್ಯಾಪಾರಿ ಆರಿಸುವನು. ಈ ಸಂಗತಿ ಹಿಂದಿನವರಿಗೆ ತಿಳಿಯದುದಲ್ಲ. ಮೈಸೂರು ಅರಸರ ಅಮೃತಮಹಲಿನ ದನಗಳಿಗೆ ಬಿಟ್ಟಿದ್ದ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ನೆರಳೂ ಕೆರೆಯಂಗಳದ ತೇವವೂ ಇದ್ದ ಕಾವಲುಗಳು ಬೇಸಿಗೆಗೆ ಮೀಸಲು. ಇನ್ನೂ ಹಿಂದಕ್ಕೆ ಹೋದರೆ, ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಧ್ಯಕ್ಷನೆಂಬ ಅಧಿಕಾರಿಗೇ ಒಂದು ಅಧ್ಯಾಯವುಂಟು. ಹಿಂಡಿನಲ್ಲಿ ಇರುವುದೆಷ್ಟು, ಕಳೆದುದೆಷ್ಟು, ಸತ್ತುದೆಷ್ಟು ಎಂಬ ಲೆಕ್ಕವೂ, ಎತ್ತಿಗೆ ಹುಲ್ಲೆಷ್ಟು ಹಿಂಡಿಯೆಷ್ಟು ಎಂಬ ಅಳತೆಯೂ ಅಲ್ಲಿವೆ. ಪಶುವಿನ ಲೆಕ್ಕವನ್ನೂ ಮೇವಿನ ಲೆಕ್ಕವನ್ನೂ ಒಂದೇ ಕಡೆಯಲ್ಲಿಟ್ಟದ್ದನ್ನು ನಾವು ಎಷ್ಟೋ ಸಲ ಓದಿದ್ದರೂ ಶಿಷ್ಯನ ರೊಪ್ಪದ ಮುಂದೆ ನೆನೆಯಲಿಲ್ಲ. ಓದಿನ ಫಲ ಇಷ್ಟೇ!

ಇನ್ನು ಪೇಟೆಯ ಪಂಚಾಂಗ. ಮಾಂಸದ ಗಿರಾಕಿ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ನಮ್ಮ ಸೀಮೆಯಲ್ಲಿ ಯುಗಾದಿಯ ಮರುದಿನದ ಹೊಸತೊಡಕಿಗೆ ಮಾಂಸ ಬೇಯದ ಒಕ್ಕಲು ಮನೆಗಳು ವಿರಳ. ಬೇಸಿಗೆಯ ಮಾರಿಹಬ್ಬಗಳೂ ಜಾತ್ರೆಗಳೂ ಅದರ ಹಿಂದೆಮುಂದೆಯೇ ಬರುವುವು. ಭಾದ್ರಪದದ ಪಿತೃಪಕ್ಷದಲ್ಲಿ ಎಡೆಯಿಡುವ ಮನೆಗಳಿಂದ ಮತ್ತೆ ಬೇಡಿಕೆ. ಶ್ರಾವಣದಲ್ಲಿ ವ್ರತದ ಮನೆಗಳು ಹೆಚ್ಚು. ಕಾರ್ತಿಕ ಸೋಮವಾರಗಳು, ಅದರ ಬೆನ್ನಿಗೇ ಅಯ್ಯಪ್ಪನ ಮಾಲೆ ಧರಿಸುವವರ ನಿಯಮ. ಆಗ ಪೇಟೆ ತಣ್ಣಗಿರುವುದು. ಇವೆಲ್ಲವೂ ನಮ್ಮ ಚಾಂದ್ರಮಾನದ ತಿಥಿಗಳಾದರೂ, ಅಧಿಕಮಾಸವನ್ನು ಸೇರಿಸಿಕೊಳ್ಳುವುದರಿಂದ ಋತುವಿನೊಡನೆ ಹೊಂದಿಕೊಂಡು ಒಂದು ತಿಂಗಳ ಒಳಗೇ ಹಿಂದೆಮುಂದೆ ಆಗುವುವು.

ಬಕ್ರೀದ್ ಹಾಗಲ್ಲ. ಇಸ್ಲಾಮೀ ಪಂಚಾಂಗದಲ್ಲಿ ಅಧಿಕಮಾಸವಿಲ್ಲ. ಅವರ ವರ್ಷಕ್ಕೆ ಸುಮಾರು 354 ದಿನ, ಸೌರವರ್ಷಕ್ಕೆ 365. ಆದುದರಿಂದ ಹಬ್ಬವು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಸುಮಾರು ಮೂವತ್ತಮೂರು ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿಬರುವುದು. 2014ರಲ್ಲಿ ಅದು ಅಕ್ಟೋಬರ್ 6ರಂದು ಬಿದ್ದಿತು. ಮಳೆಗಾಲದ ಹಸುರನ್ನೆಲ್ಲ ತಿಂದು ಕೊಬ್ಬಿದ ಟಗರನ್ನು ಬದುವಿನಿಂದ ನೇರವಾಗಿ ಲಾರಿಗೆ ಹತ್ತಿಸಬಹುದಾಗಿತ್ತು. 2025ರಲ್ಲಿ ಜೂನ್ 7ರಂದು ಬಂದಿತು. 2030ರಲ್ಲಿ, ಲೆಕ್ಕದ ಪ್ರಕಾರ, ಏಪ್ರಿಲ್ ತಿಂಗಳ ಮಧ್ಯದಲ್ಲಿ ಬರಬೇಕು. ಆ ವರ್ಷದ ಯುಗಾದಿ ಏಪ್ರಿಲ್ 3. ಎಂದರೆ ಹೊಸತೊಡಕೂ ಬಕ್ರೀದೂ ಒಂದೇ ಚಾಂದ್ರಮಾಸದೊಳಗೆ, ಹತ್ತು ಹನ್ನೆರಡು ದಿನಗಳ ಅಂತರದಲ್ಲಿ, ನೆಲದಲ್ಲಿ ಗರಿಕೆಯೂ ಇಲ್ಲದ ಕಾಲದಲ್ಲಿ ಕೂಡಿಬರುವುವು. ವರ್ಷದ ಎರಡು ದೊಡ್ಡ ಗಿರಾಕಿಗಳು ಬಾಗಿಲಿಗೆ ಬಂದಾಗ ಟಗರಿನ ಬೆನ್ನುಮೂಳೆ ಎದ್ದು ಕಾಣುತ್ತಿದ್ದರೆ ಪ್ರಯೋಜನವೇನು?

ಬಕ್ರೀದಿಗೆ ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುವರು. ‘ಎರಡು ಹಲ್ಲಿನ’ ಟಗರಿಗೆ ಮಾನ ಹೆಚ್ಚು. ಆ ಹಲ್ಲುಗಳು ಹುಟ್ಟುವುದು ಒಂದು ವರ್ಷ ತುಂಬಿದ ಮೇಲೆ, ಹದಿನೈದು ತಿಂಗಳೆಂದಿಟ್ಟುಕೊಳ್ಳೋಣ. ಗಬ್ಬದ ಅವಧಿ ಐದು ತಿಂಗಳು. ಒಟ್ಟು ಇಪ್ಪತ್ತು ತಿಂಗಳು. 2030ರ ಏಪ್ರಿಲ್ ತಿಂಗಳಲ್ಲಿ ಮಾರಬೇಕಾದ ಟಗರಿಗಾಗಿ 2028ರ ಆಗಸ್ಟ್ ತಿಂಗಳಲ್ಲೇ ಕುರಿಗೆ ಟಗರನ್ನು ಬಿಡಬೇಕು. ಆ ಮರಿ ನಡುವೆ ಒಂದು ಬೇಸಿಗೆಯನ್ನು ಪೂರ್ತಿಯಾಗಿಯೂ ಇನ್ನೊಂದನ್ನು ಅರ್ಧವಾಗಿಯೂ ದಾಟಬೇಕು. ಹಬ್ಬಕ್ಕೆ ಎರಡು ತಿಂಗಳಿರುವಾಗ ಸಾಲ ತಂದು ಮರಿ ಕೊಳ್ಳುವವರು ಈ ಇಪ್ಪತ್ತು ತಿಂಗಳ ಶ್ರಮದ ಬೆಲೆಯನ್ನು ಬೇರೊಬ್ಬನಿಗೆ ತೆತ್ತು, ಗಂಡಾಂತರವನ್ನು ಮಾತ್ರ ತಾವು ಕೊಳ್ಳುವರು.

ಹಾಗಾದರೆ ಎಷ್ಟು ಕುರಿ ಸಾಕಬೇಕು? ಶ್ರಾವಣದ ಬದುವನ್ನು ನೋಡಿ ಈ ಪ್ರಶ್ನೆಗೆ ಉತ್ತರ ಹೇಳಕೂಡದು. ಸಂಕ್ರಾಂತಿಯ ದಿನ, ದನಗಳನ್ನು ಕಿಚ್ಚು ಹಾಯಿಸುವುದಕ್ಕೆ ಮೊದಲು, ಹಿತ್ತಲ ಮೆದೆಯ ಮುಂದೆ ನಿಂತು ಹೇಳಬೇಕು. ರಾಗಿ ಒಕ್ಕಣೆ ಮುಗಿದಿರುವುದು. ಮುಂದೆ ಮಳೆಯವರೆಗೆ ಹೊಸ ಮೇವು ಬರುವಂತಿಲ್ಲ. ನಮ್ಮ ಬಂಡೂರು ಕುರಿಗೆ ದಿನಕ್ಕೆ ಒಂದು ಕಿಲೋಗ್ರಾಂ ಒಣಮೇವು, ಅಥವಾ ಅದಕ್ಕೆ ಸಮನಾದ ನಾಲ್ಕು ಕಿಲೋಗ್ರಾಂ ಹಸಿಮೇವು ಬೇಕೆಂದು ಎಣಿಸಬಹುದು. ಫೆಬ್ರವರಿಯಿಂದ ಮೇ ಕಡೆಯವರೆಗೆ 120 ದಿನ. ಕೂಳೆ ಹೊಲಗಳಲ್ಲಿಯೂ ಬೇಲಿಸಾಲಿನಲ್ಲಿಯೂ ಅರ್ಧ ಹೊಟ್ಟೆ ತುಂಬಿಸಿಕೊಂಡರೆ, ತಲೆಗೆ 60 ಕಿಲೋಗ್ರಾಮಿನಷ್ಟು ಮನೆಯಲ್ಲಿರಬೇಕು. ಮೆದೆಯಿಂದ ಹತ್ತು ಕಂತೆಗಳನ್ನು ತೆಗೆದು ತೂಗಿ, ಆ ತೂಕವನ್ನು ಹತ್ತರಿಂದ ಭಾಗಿಸಿ, ಒಟ್ಟು ಕಂತೆಗಳಿಂದ ಗುಣಿಸಿ, 60ರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ನಿಮ್ಮ ಹಿಂಡು. ನಾಲ್ಕನೆಯ ತರಗತಿಯ ಹುಡುಗನು ಮಾಡುವ ಲೆಕ್ಕ ಇದು. ಸಂಖ್ಯೆ ಕಡಿಮೆ ಬಂದರೆ ಹಲ್ಲು ಸವೆದ ಮುದಿ ಕುರಿಗಳನ್ನೂ, ಎರಡು ವರ್ಷ ಬರಡಾಗಿ ನಿಂತವನ್ನೂ ಆ ವಾರವೇ ಮಾರಬೇಕು. ಆಗ ಅವುಗಳ ಮೈಯಲ್ಲಿ ಇನ್ನೂ ಮಳೆಗಾಲದ ಮಾಂಸವಿರುವುದು, ಊರವರೆಲ್ಲ ಮಾರಲು ಮುಗಿಬಿದ್ದಿರುವುದಿಲ್ಲ. ಆಸ್ಟ್ರೇಲಿಯದ ಒಣಸೀಮೆಯಲ್ಲಿ ಸಾವಿರಾರು ದನಗಳನ್ನಿಟ್ಟುಕೊಂಡ ಬುದ್ಧಿವಂತರೂ ಹೀಗೆಯೇ, ಇಂಥ ದಿನದೊಳಗೆ ಮಳೆ ಬಾರದಿದ್ದರೆ ಇಷ್ಟು ತಲೆ ಮಾರುವುದೆಂದು ಮುಂಚಿತವಾಗಿಯೇ ಬರೆದಿಡುವರಂತೆ. ಸಂಕಟ ಬಂದ ದಿನ ಮನುಷ್ಯನ ಬುದ್ಧಿ ನೆಟ್ಟಗಿರುವುದಿಲ್ಲ, ಅದಕ್ಕಾಗಿ.

ಮೇವಿನ ವಿಷಯದಲ್ಲಿ ಮದ್ದೂರು ಮಳವಳ್ಳಿಗಳವರು ಭಾಗ್ಯವಂತರೇ ಸರಿ, ಕಣ್ಣು ತೆರೆದು ನೋಡಿದರೆ. ನೆಲ್ಲುಹುಲ್ಲಿನಲ್ಲಿ ಸತ್ತ್ವ ಕಡಿಮೆ. ರಾಗಿಹುಲ್ಲು ಅದಕ್ಕಿಂತ ಮೇಲು, ಕತ್ತರಿಸಿ ಹಾಕಿದರೆ ತುಳಿದು ಕೆಡಿಸುವುದೂ ತಪ್ಪುವುದು. ಹುರುಳಿಯ ಹೊಟ್ಟು, ಅವರೆಯ ಹೊಟ್ಟು, ಕಡಲೆಕಾಯಿಯ ಬಳ್ಳಿ ಇವು ಕುರಿಗೆ ಪರಮಾನ್ನ. ಇವನ್ನು ಕಣದಲ್ಲೇ ಸುಡುವವರನ್ನು ಕಂಡರೆ ನಮಗೆ ಕೋಪ ಬರುವುದು. ಗೊಬ್ಬಳಿಯ ಕಾಯಿ ಬೇಸಿಗೆಯಲ್ಲೇ ಉದುರುವುದು, ಪುಕ್ಕಟೆ. ಅಗಸೆ, ಹಲಸು, ಅತ್ತಿಗಳ ಸೊಪ್ಪು ಬೇಲಿಯಲ್ಲಿ ಬೆಳೆದು ನಿಂತ ಮೆದೆಯಿದ್ದಂತೆ. ರೇಷ್ಮೆ ಸಾಕುವ ಮನೆಗಳಂತೂ ಈ ತಾಲ್ಲೂಕುಗಳಲ್ಲಿ ಬಹಳ. ಹಿಪ್ಪುನೇರಳೆಯ ಸೊಪ್ಪಿನಷ್ಟು ಪುಷ್ಟಿಕರವಾದ ಎಲೆ ಬೇರೆ ದೊರೆಯುವುದು ಕಷ್ಟ. ಹುಳು ತಿಂದು ಬಿಟ್ಟ ಕಡ್ಡಿಸೊಪ್ಪನ್ನು ಕುರಿಗಳು ಬಿಡದೆ ತಿನ್ನುವುವು. ಆದರೆ ಹುಳುಮನೆಯಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ, ಹಾಸಿಗೆಯ ಔಷಧಿಗಳನ್ನು ಎರಚಿದ್ದರೆ ಆ ಸೊಪ್ಪನ್ನು ತಿಪ್ಪೆಗೆ ಹಾಕಬೇಕೇ ಹೊರತು ರೊಪ್ಪಕ್ಕಲ್ಲ. ನಾಲೆಯ ನೀರಿರುವವರು ಹತ್ತು ಗುಂಟೆಯಲ್ಲಿ ಮೆಕ್ಕೆಜೋಳ ಬಿತ್ತಿ, ಕಾಳು ಹಾಲುಗಟ್ಟಿದಾಗ ಕೊಯ್ದು ಕೊಚ್ಚಿ, ಗುಂಡಿಯಲ್ಲಿ ಗಾಳಿಯಾಡದಂತೆ ತುಳಿದು ಮುಚ್ಚಿ ರಸಮೇವು ಮಾಡಿಟ್ಟುಕೊಳ್ಳಬಹುದು. ಮಂಡ್ಯದ ವಿ. ಸಿ. ಫಾರಂನಲ್ಲಿ ಮೇವಿನ ಬೆಳೆಗಳ ಸಂಶೋಧನೆ ನಡೆಯುವುದು. ಬೀಜವನ್ನೂ ವಿಧಾನವನ್ನೂ ಅಲ್ಲಿ ವಿಚಾರಿಸುವುದುತ್ತಮ. ಬಂಡೂರು ತಳಿಯ ವಿಷಯವಾದರೆ ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಕುರಿ ಸಂವರ್ಧನಾ ಕೇಂದ್ರವುಂಟು. ಸಂತೆಯಲ್ಲಿ ಬಿಳಿಯ ಕುರಿಗಳೆಲ್ಲ ಬಂಡೂರೆಂದೇ ಕರೆಯಿಸಿಕೊಳ್ಳುವುವು, ಎಚ್ಚರ.

ಮಾರುವ ದಿನದ ಬಗ್ಗೆ ಒಂದೇ ಮಾತು: ತಕ್ಕಡಿ. ವ್ಯಾಪಾರಿ ಬೆನ್ನಿನ ಮೇಲೆ ಕೈಯಿಟ್ಟರೆ ಸಾಕು, ಮಾಂಸವೆಷ್ಟೆಂದು ಅವನಿಗೆ ತಿಳಿಯುವುದು. ದಿನಕ್ಕೆ ನೂರು ಕುರಿ ಮುಟ್ಟಿದ ಕೈಯದು. ವರ್ಷಕ್ಕೆ ಐದು ಮಾರುವ ಒಕ್ಕಲಿಗನು ಅವನೊಡನೆ ಕಣ್ಣಂದಾಜಿನಲ್ಲಿ ಗೆಲ್ಲಲಾರನು. ತೂಗುಹಾಕುವ ಒಂದು ತಕ್ಕಡಿ ಮನೆಯಲ್ಲಿದ್ದರೆ, ಜೀವತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಾಂಸವೆಂದು ಲೆಕ್ಕ ಹಿಡಿಯಬಹುದು. 30 ಕಿಲೋಗ್ರಾಮಿನ ಟಗರಿನಲ್ಲಿ 14 ಕಿಲೋಗ್ರಾಂ. ಆ ವಾರ ಮದ್ದೂರಿನ ಅಂಗಡಿಯಲ್ಲಿ ಮಾಂಸದ ಧಾರಣೆ ಏನೆಂದು ಕೇಳಿಕೊಂಡು ಬಂದರೆ, ವ್ಯಾಪಾರಿಗೆ ನ್ಯಾಯವಾದ ಲಾಭವನ್ನು ಬಿಟ್ಟು ಉಳಿದುದೆಷ್ಟೆಂಬುದು ತಿಳಿಯುವುದು. ಎಲ್ಲ ಟಗರುಗಳನ್ನೂ ಬಕ್ರೀದಿಗೇ ಕಟ್ಟಬಾರದೆಂಬುದೂ ನಮ್ಮ ಅಭಿಪ್ರಾಯ. ಎರಡನ್ನು ಹೊಸತೊಡಕಿಗೆ, ಎರಡನ್ನು ಪಿತೃಪಕ್ಷಕ್ಕೆಂದು ಹಂಚಿದರೆ ಒಂದು ಹಬ್ಬ ಕೈಬಿಟ್ಟರೂ ಇನ್ನೊಂದು ಇರುವುದು.

ಮೊದಲ ಮಳೆ ಬಿದ್ದ ಮೇಲೆ ಕಷ್ಟ ಕಳೆಯಿತೆಂದು ತಿಳಿಯುವುದೂ ತಪ್ಪು. ಬರಗಾಲದಲ್ಲಿ ಬಾಡಿನಿಂತ ಜೋಳದ ಕೂಳೆ ಮಳೆಗೆ ಚಿಗುರಿದಾಗ ಅದರಲ್ಲಿ ವಿಷವಿರುವುದು; ಹಸಿದ ಕುರಿ ಅದಕ್ಕೇ ಬಾಯಿ ಹಾಕುವುದು. ಎಳೆಹುಲ್ಲನ್ನು ಒಮ್ಮೆಲೇ ಹೊಟ್ಟೆತುಂಬ ಮೇಯ್ದ ಕುರಿಗೆ ಕರುಳುಬೇನೆ ತಗಲುವುದು. ಬೆಳಗ್ಗೆ ನೆಟ್ಟಗಿದ್ದುದು ಸಂಜೆಗೆ ಇರುವುದಿಲ್ಲ. ಇದರ ಚುಚ್ಚುಮದ್ದನ್ನು ಮಳೆಗೆ ಮೊದಲೇ ಪಶುವೈದ್ಯರಿಂದ ಹಾಕಿಸಿಕೊಳ್ಳಬೇಕು. ಮೊದಲ ವಾರ ಒಣಹುಲ್ಲು ತಿನ್ನಿಸಿಯೇ ಮೇಯಲು ಬಿಡಬೇಕು. ಮೆದೆಯ ಕೊನೆಯ ಕಂತೆಗಳಿಗೆ ಕೆಲಸ ಅಲ್ಲಿಯವರೆಗೂ ಉಂಟು.

2025ರ ಸಂಕ್ರಾಂತಿಯಂದು ನಮ್ಮ ಶಿಷ್ಯನು ಹೇಳಿಕಳುಹಿಸಿದನು. ಉಳಿದಿದ್ದ ಕುರಿಗಳೂ ಮರಿಗಳೂ ಸೇರಿ ಇಪ್ಪತ್ತನಾಲ್ಕು ತಲೆ ಇದ್ದುವು. ಹತ್ತು ಕಂತೆ ತೂಗಿದೆವು, 30 ಕಿಲೋಗ್ರಾಂ ಬಂದಿತು. ಮೆದೆಯಲ್ಲಿ ಮುನ್ನೂರು ಕಂತೆ. ಕಡಲೆಕಾಯಿಯ ಬಳ್ಳಿ ಮೂರೂವರೆ ಕ್ವಿಂಟಾಲ್. ಬೇಕಾದುದು 1,440, ಇದ್ದುದು 1,250. ಮೂರು ಕುರಿ ಹೆಚ್ಚಾಯಿತೆಂದು ನಾವು ಹೇಳಿದೆವು. ಹಲ್ಲು ಸವೆದ ಮೂರನ್ನು ಅವನು ಹಿಡಿದು ಬೇರೆ ಕಟ್ಟಿದನು. ಅಷ್ಟರಲ್ಲಿ ಎಳ್ಳುಬೆಲ್ಲದ ತಟ್ಟೆ ಹಿಡಿದು ಹೊರಗೆ ಬಂದ ಅವನ ಹೆಂಡತಿ, ಆ ಮೂರರಲ್ಲೊಂದು ಬರದ ವರ್ಷದಲ್ಲಿ ಮಾರದೆ ಉಳಿದು, ಮಳೆ ಬಂದ ಮೇಲೆ ಮೊದಲು ಮರಿ ಹಾಕಿದ ಕುರಿಯೆಂದು ಗುರುತಿಸಿ, ‘ಇದ್ನ ಮಾತ್ರ ಕೊಡಕಿಲ್ಲ’ ಎಂದಳು. ಅವನು ನಮ್ಮ ಮುಖವನ್ನು ನೋಡಿದನು. ನಾವು ಪುಸ್ತಕದಲ್ಲಿ ಮೂರನ್ನು ಹೊಡೆದು ಎರಡೆಂದು ತಿದ್ದಿ, ಆ ಒಂದು ಕುರಿಯ ಅರವತ್ತು ಕಿಲೋಗ್ರಾಮಿನ ಎದುರಿಗೆ ‘ಹಿತ್ತಲ ಹಲಸಿನ ಸೊಪ್ಪು’ ಎಂದು ಬರೆದುಕೊಂಡೆವು.